ಗಾಳಿ ಒಂದೇ, ಎದೆ ಬೇರೆ

ಮಳೆಗಾಲ ಮುಗಿದು ಮೊದಲ ಬಿಸಿಲು ಬಿದ್ದ ದಿನ ನಮ್ಮ ಮಲೆನಾಡಿನ ಮನೆಗಳಲ್ಲಿ ಅಟ್ಟದ ಮೇಲಿನ ಸಾಮಾನೆಲ್ಲ ಅಂಗಳಕ್ಕೆ ಇಳಿಯುತ್ತದೆ. ಹಾಸಿಗೆ, ಚರ್ಮದ ಚಪ್ಪಲಿ, ಹಳೆಯ ಪುಸ್ತಕ, ಎಲ್ಲದರ ಮೇಲೂ ಬೂಷ್ಟು. ಪುಸ್ತಕವೊಂದನ್ನು ಎತ್ತಿ ಕೊಡವಿದರೆ ಬೂದು ಹಸಿರಿನ ಧೂಳು ಹೊಗೆಯಂತೆ ಎದ್ದು, ಕ್ಷಣಮಾತ್ರ ಬಿಸಿಲಿನಲ್ಲಿ ನಿಂತು, ಮರೆಯಾಗುತ್ತದೆ. ಮರೆಯಾಯಿತೆಂದರೆ ಎಲ್ಲಿಗೆ ಹೋಯಿತು? ಒಂದು ಪಾಲು ನಮ್ಮ ಎದೆಯೊಳಕ್ಕೇ ಹೋಯಿತು. ನಾವು ಎರಡು ಸೀನು ಸೀನಿ ಮುಂದಿನ ಪುಸ್ತಕಕ್ಕೆ ಕೈಹಾಕುತ್ತೇವೆ. ಹಾಗೆ ಸೀನಿ ಮರೆತುಬಿಡಲಾರದ ಕೆಲವರಿದ್ದಾರೆ. ಅವರು ಹುಟ್ಟುವಾಗಲೇ ಹೊತ್ತು ತಂದ ಒಂದು ಕೊರತೆಯ ವಿಷಯವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಬೂಷ್ಟುಗಳಲ್ಲಿ ಒಂದು ಕುಲಕ್ಕೆ ಆಸ್ಪರ್ಜಿಲಸ್ ಎಂದು ಹೆಸರು. ಹೆಸರಿಟ್ಟವನು ಇಟಲಿಯ ಫ್ಲಾರೆನ್ಸ್ ನಗರದ ಸಸ್ಯಶಾಸ್ತ್ರಜ್ಞ ಪಿಯೆರ್ ಆಂಟೋನಿಯೋ ಮಿಕೇಲಿ. ಅವನ ಗ್ರಂಥ ಪ್ರಕಟವಾದದ್ದು 1729ರಲ್ಲಿ. ಸೂಕ್ಷ್ಮದರ್ಶಕದ ಕೆಳಗೆ ಈ ಬೂಷ್ಟು ಅವನಿಗೆ ಇಗರ್ಜಿಯಲ್ಲಿ ಪವಿತ್ರ ಜಲವನ್ನು ಚಿಮುಕಿಸುವ ಸಾಧನದಂತೆ ಕಂಡಿತು. ಅದರ ಲ್ಯಾಟಿನ್ ಹೆಸರನ್ನೇ ಇದಕ್ಕೂ ಇಟ್ಟುಬಿಟ್ಟ. ನಮ್ಮಲ್ಲಿ ಪುಣ್ಯಾಹದ ದಿನ ಮಾವಿನೆಲೆಯಿಂದ ನೀರು ಪ್ರೋಕ್ಷಿಸುವುದನ್ನು ಕಂಡವರಿಗೂ ಚಿತ್ರ ಹೊಳೆದೀತು: ಒಂದು ತೊಟ್ಟು, ತೊಟ್ಟಿನ ತುದಿಯಲ್ಲಿ ದುಂಡನೆಯ ತಲೆ, ಅದರಿಂದ ಸುತ್ತಲೂ ಸಿಡಿಯುವ ಹನಿಗಳ ಸಾಲು. ಹನಿಗಳಂತೆ ಕಾಣುವ ಅವು ವಾಸ್ತವವಾಗಿ ಬೀಜಕಗಳು. ಗಿಡಕ್ಕೆ ಬೀಜವಿದ್ದಂತೆ ಬೂಷ್ಟಿಗೆ ಬೀಜಕ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅಂಥ ಎರಡು ಮೂರು ಪಾಲಿನಷ್ಟು ಅಗಲ. ಮೂಗಿನ ಕೂದಲಿಗಾಗಲಿ ಗಂಟಲಿನ ಲೋಳೆಗಾಗಲಿ ಸಿಕ್ಕಿಬೀಳದೆ, ಶ್ವಾಸಕೋಶದ ತೀರ ಒಳಗಿನ ಗಾಳಿಗೂಡುಗಳವರೆಗೆ ತೇಲಿಹೋಗುವುದಕ್ಕೆ ತಕ್ಕ ಅಳತೆ ಅದು. ನಾವು ಪ್ರತಿಯೊಬ್ಬರೂ ದಿನಕ್ಕೆ ಇಂಥವನ್ನು ನೂರರ ಲೆಕ್ಕದಲ್ಲಿ ಸೇದಿಕೊಳ್ಳುತ್ತೇವೆ. ಹಳ್ಳಿಯವರು, ನಗರದವರು ಎಂಬ ಭೇದವಿಲ್ಲ.

ಈ ಕುಲದಲ್ಲಿ ಮನುಷ್ಯನಿಗೆ ಹೆಚ್ಚು ತೊಡಕು ತರುವುದು ಆಸ್ಪರ್ಜಿಲಸ್ ಫ್ಯೂಮಿಗೇಟಸ್, ಅಂದರೆ ಹೊಗೆಬಣ್ಣದ್ದು. ಇದನ್ನು 1863ರಲ್ಲಿ ವರ್ಣಿಸಿದ ಜರ್ಮನ್ ವೈದ್ಯ ಫ್ರೆಸೇನಿಯಸ್‌ಗೆ ಅದು ದೊರೆತದ್ದು ಬಸ್ಟರ್ಡ್ ಎಂಬ ದೊಡ್ಡ ಹಕ್ಕಿಯ ಶ್ವಾಸಾಂಗಗಳಲ್ಲಿ. ಇದರ ನಿಜವಾದ ಮನೆ ಹಕ್ಕಿಯ ಎದೆಯೂ ಅಲ್ಲ, ನಮ್ಮ ಎದೆಯೂ ಅಲ್ಲ. ಕೊಳೆಯುತ್ತಿರುವ ಎಲೆಯ ರಾಶಿ, ಗೊಬ್ಬರದ ಗುಂಡಿ. ಗೊಬ್ಬರದ ಗುಂಡಿಯ ಒಳಗೆ ಕೈಯಿಟ್ಟು ನೋಡಿದವರು ಬಲ್ಲರು, ಅದು ತಾನಾಗಿಯೇ ಕಾಯುತ್ತದೆ. ಆ ಕಾವಿನಲ್ಲಿ ಬೆಳೆದು ಪಳಗಿದ ಈ ಬೂಷ್ಟು 50 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿಯೂ ಬೆಳೆಯಬಲ್ಲದು. ಬಹುಪಾಲು ಬೂಷ್ಟುಗಳಿಗೆ ನಮ್ಮ ಮೈಯ 37 ಡಿಗ್ರಿಯೇ ತಡೆಗೋಡೆ. ಇದಕ್ಕೆ ಅದು ತಂಪಾದ ಜಗಲಿ. ಪಠ್ಯಪುಸ್ತಕಗಳು ಇದು ಶ್ವಾಸಕೋಶದಲ್ಲಿ ನೆಲೆಯೂರುವುದನ್ನು 'ವಸಾಹತು' ಎಂಬ ಮಾತಿನಿಂದ ಕರೆಯುತ್ತವೆ. ನನಗೆ ಆ ಮಾತು ಹಿಡಿಸುವುದಿಲ್ಲ. ವಸಾಹತು ಹೂಡಲು ಹಡಗು ಹತ್ತಿ ಬಂದವರಿಗೆ ಒಂದು ಉದ್ದೇಶವಿತ್ತು. ಬೂಷ್ಟಿಗೆ ಯಾವ ಉದ್ದೇಶವೂ ಇಲ್ಲ. ಎಲೆಯ ರಾಶಿಯಲ್ಲಿ ಏನು ಮಾಡುತ್ತಿತ್ತೋ ಅದನ್ನೇ ಎದೆಯಲ್ಲಿಯೂ ಮಾಡುತ್ತದೆ.

ಹಾಗಾದರೆ ಎಲ್ಲರ ಎದೆಯಲ್ಲಿಯೂ ಏಕೆ ಮಾಡುವುದಿಲ್ಲ?

ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ಏಳು ವರ್ಷದ ಹುಡುಗನೊಬ್ಬನನ್ನು ಕರೆತಂದರು. ಜ್ವರ, ಏದುಸಿರು, ತುಟಿಯ ಮೇಲೆ ನೀಲಿಯ ಛಾಯೆ. ಅಡಿಕೆ ತೋಟದ ಮನೆ. ಹತ್ತು ದಿನಗಳ ಹಿಂದೆ, ತೋಟಕ್ಕೆ ಹಾಕಲೆಂದು ಗುಡ್ಡೆ ಮಾಡಿದ್ದ ದರಕಿನ ರಾಶಿಯ ಮೇಲೆ ಓರಗೆಯ ಮಕ್ಕಳೊಡನೆ ಹಾರಿ ಕುಣಿದು ಆಡಿದ್ದನಂತೆ. ಕುಣಿದ ಮಕ್ಕಳು ಐದು ಮಂದಿ, ಮಲಗಿದವನು ಇವನೊಬ್ಬನೇ. ಹಿಂದಿನ ಕಥೆ ಕೇಳಿದೆ. ಶಿಶುವಾಗಿದ್ದಾಗ ಬಿ.ಸಿ.ಜಿ. ಚುಚ್ಚಿದ ಕಡೆಯ ಕಂಕುಳಿನ ಗ್ರಂಥಿ ಬಾತು ಕೀವಾಗಿ ತಿಂಗಳುಗಟ್ಟಲೆ ಸೋರಿತ್ತು. ಮೂರು ವರ್ಷದವನಾಗಿದ್ದಾಗ ಕುತ್ತಿಗೆಯಲ್ಲಿ ಗಂಟು. ಕ್ಷಯವೆಂದು ಒಂದು ಕಡೆ ಆರು ತಿಂಗಳು ಮದ್ದು, ಮತ್ತೊಂದು ಕಡೆ ಒಂಬತ್ತು ತಿಂಗಳು. ಕ್ಷಯವೆಂದವರನ್ನು ನಾನು ದೂರಲಾರೆ. ನಮ್ಮ ದೇಶದಲ್ಲಿ ಕುತ್ತಿಗೆಯ ಗಂಟಿಗೆ ಮೊದಲು ನೆನಪಾಗಬೇಕಾದದ್ದು ಅದೇ. ಆದರೆ ಎರಡನೆಯ ಸಲವೂ ಅದೊಂದೇ ನೆನಪಾಗಬಾರದಿತ್ತು. ತಾಯಿಯನ್ನು ಕೇಳಿದೆ: "ನಿಮ್ಮ ಕಡೆ ಗಂಡುಮಕ್ಕಳು ಯಾರಾದರೂ ಚಿಕ್ಕಂದಿನಲ್ಲಿ ತೀರಿಕೊಂಡಿದ್ದಾರೆಯೇ?" ಆಕೆಯ ಮುಖ ಬಿಳಿಚಿಕೊಂಡಿತು. ಒಬ್ಬ ತಮ್ಮನಿದ್ದ, ಐದನೆಯ ವಯಸ್ಸಿನಲ್ಲಿ ಹೀಗೆಯೇ ಜ್ವರ ಬಂದು ಹೋದ.

ನನ್ನ ಅನುಮಾನಕ್ಕೆ ಕಾರಣವಾದ ರೋಗವನ್ನು 1950ರ ದಶಕದಲ್ಲಿ ಅಮೆರಿಕದ ವೈದ್ಯರು ಮೊದಲು ಗುರುತಿಸಿದರು. ಮಿನೆಸೋಟದ ಬೆರೆಂಡೆಸ್, ಬ್ರಿಜಸ್ ಮತ್ತು ಗುಡ್ ಎಂಬವರು 1957ರಲ್ಲಿ ವರ್ಣಿಸಿದಾಗ ಅದರ ಹೆಸರಿನಲ್ಲಿಯೇ 'ಮಾರಕ' ಎಂಬ ವಿಶೇಷಣವಿತ್ತು. ಮುಂದೆ ಮಕ್ಕಳು ಬದುಕತೊಡಗಿದ ಮೇಲೆ ಆ ಪದ ಬಿದ್ದುಹೋಗಿ 'ದೀರ್ಘಕಾಲಿಕ ಗ್ರಾನ್ಯುಲೋಮಾ ರೋಗ' ಎಂದಾಯಿತು. ಒಂದು ವಿಶೇಷಣ ಬದಲಾಗಲು ಎಷ್ಟು ಜನರ ದುಡಿಮೆ ಬೇಕಾಗುತ್ತದೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳೂ ಗಮನಿಸಬಹುದು.

ಅದು ಎಂಥ ಕೊರತೆ? ಬೀಜಕ ಗಾಳಿಗೂಡಿನಲ್ಲಿ ಇಳಿದಾಗ ಅದರ ಮೈಮೇಲೆ ಒಂದು ನಯವಾದ ಹೊದಿಕೆಯಿರುತ್ತದೆ. ಆ ಹೊದಿಕೆ ಇರುವತನಕ ದೇಹದ ಕಾವಲಿಗೆ ಅದು ಬೂಷ್ಟೆಂದು ತಿಳಿಯುವುದೇ ಇಲ್ಲ. ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯ ವಿಜ್ಞಾನಿಗಳು ಇತರರೊಡನೆ ಸೇರಿ 2009ರಲ್ಲಿ ಇದನ್ನು ತೋರಿಸಿಕೊಟ್ಟರು. ಸಾವಿರಾರು ಬೀಜಕಗಳು ಒಳಗೆ ಹೋದರೂ ನಮ್ಮ ಎದೆ ಸದಾ ಉರಿಯುತ್ತಿರದೆ ಶಾಂತವಾಗಿರುವುದು ಇದರಿಂದಲೇ. ಬೀಜಕ ತೇವ ಹೀರಿ ಉಬ್ಬಿ ಮೊಳೆಯಲು ತೊಡಗಿದಾಗ ಹೊದಿಕೆ ಕಳಚುತ್ತದೆ. ಒಳಗಿನ ಸಕ್ಕರೆಯ ಗೋಡೆ ಬಯಲಾಗುತ್ತದೆ. ಆಗ ಗಾಳಿಗೂಡಿನಲ್ಲೇ ವಾಸಿಸುವ ನುಂಗುಕಣಗಳು ಅದನ್ನು ಗುರುತಿಸಿ ನುಂಗುತ್ತವೆ. ಅವುಗಳಿಂದ ತಪ್ಪಿಸಿಕೊಂಡು ಎಳೆ ಬಿಟ್ಟಿತೆಂದರೆ ರಕ್ತದಿಂದ ಬಿಳಿಯ ಕಣಗಳು ಧಾವಿಸಿ ಬಂದು ಎಳೆಯನ್ನು ಮುತ್ತುತ್ತವೆ. ಮುತ್ತಿದ ಮೇಲೆ ಅವು ಮಾಡುವ ಕೆಲಸ ವಿಚಿತ್ರವಾದದ್ದು. ನಾವು ಉಸಿರಾಡಿದ ಆಮ್ಲಜನಕವನ್ನೇ ಹಿಡಿದು, ಒಂದು ಕಿಣ್ವದ ನೆರವಿನಿಂದ ಅದನ್ನು ಉಗ್ರ ರೂಪಕ್ಕೆ ತಿರುಗಿಸಿ, ಶತ್ರುವಿನ ಮೇಲೆ ಬಿಡುತ್ತವೆ. ಈ ಕಿಣ್ವ ಒಂದೇ ತುಂಡಲ್ಲ, ಹಲವು ಬಿಡಿಭಾಗಗಳು ಕೂಡಿ ಆದದ್ದು. ಯಾವುದೊಂದು ಭಾಗ ಕೆಟ್ಟರೂ ಬೆಂಕಿ ಹೊತ್ತಿಕೊಳ್ಳುವುದಿಲ್ಲ. ಕಣಗಳು ಬರುತ್ತವೆ, ಮುತ್ತುತ್ತವೆ, ನುಂಗುತ್ತವೆ, ಆದರೆ ಕೊಲ್ಲಲಾರವು. ಸೋತ ಕಣಗಳ ಮೇಲೆ ಮತ್ತಷ್ಟು ಕಣಗಳು ಬಂದು ಗಂಟುಗಳಾಗುತ್ತವೆ. ರೋಗದ ಹೆಸರಿನ ಗ್ರಾನ್ಯುಲೋಮಾ ಆ ಗಂಟೇ.

ಆ ಬಿಡಿಭಾಗಗಳಲ್ಲಿ ಮುಖ್ಯವಾದ ಒಂದನ್ನು ಕಟ್ಟುವ ಜೀನ್, ಅಂದರೆ ವಂಶವಾಹಿ, ಇರುವುದು ಎಕ್ಸ್ ಎಂಬ ವರ್ಣತಂತುವಿನಲ್ಲಿ. ಅದನ್ನು 1986ರಲ್ಲಿ ಬಾಸ್ಟನ್ನಿನ ಸ್ಟೂವರ್ಟ್ ಆರ್ಕಿನ್ ಮತ್ತು ಅವರ ಸಂಗಡಿಗರು ಕಂಡುಹಿಡಿದರು. ಅದು ಯಾವ ಪ್ರೋಟೀನನ್ನು ಕಟ್ಟುತ್ತದೆಂದು ಮೊದಲು ತಿಳಿಯದೆ, ವರ್ಣತಂತುವಿನ ಮೇಲಿನ ಅದರ ಸ್ಥಾನವನ್ನಷ್ಟೇ ಹಿಡಿದು ಹುಡುಕಿ ತೆಗೆದ ಮೊದಲ ವಂಶವಾಹಿ ಅದು. ಹೆಣ್ಣಿಗೆ ಎಕ್ಸ್ ಎರಡು, ಗಂಡಿಗೆ ಒಂದೇ. ಅದೂ ತಾಯಿಯಿಂದ ಬಂದದ್ದು. ತಾಯಿಯ ಎರಡರಲ್ಲಿ ಒಂದು ಕೆಟ್ಟಿದ್ದರೆ ಅವಳಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಕೆಟ್ಟದ್ದು ಮಗನಿಗೆ ಬಂದರೆ ಅವನಿಗೆ ಬದಲಿಯಿಲ್ಲ. ಉಳಿದ ಭಾಗಗಳ ವಂಶವಾಹಿಗಳು ಬೇರೆ ವರ್ಣತಂತುಗಳಲ್ಲಿವೆ. ಅವು ಕೆಡುವುದಾದರೆ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಿರಬೇಕು. ರಕ್ತಸಂಬಂಧದಲ್ಲೇ ಮದುವೆ ನಡೆಯುವ ಸಮಾಜಗಳಲ್ಲಿ ಆ ಬಗೆ ಹೆಚ್ಚು. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ನಾಡಿನಲ್ಲಿ ಇದನ್ನು ನೆನಪಿಡುವುದು ಒಳ್ಳೆಯದು. ಒಟ್ಟಿನಲ್ಲಿ ಈ ರೋಗ ವಿರಳ. ಅಮೆರಿಕದ ಲೆಕ್ಕದಲ್ಲಿ ಸುಮಾರು 2 ಲಕ್ಷ ಜನನಗಳಿಗೆ 1.

ಇದನ್ನು ಪತ್ತೆಮಾಡಲು ಆಗ ನಮ್ಮ ಬಳಿ ಇದ್ದದ್ದು ಸರಳವಾದ ಒಂದು ಪರೀಕ್ಷೆ. ಒಂದು ತೊಟ್ಟು ರಕ್ತಕ್ಕೆ ತಿಳಿಹಳದಿಯ ಬಣ್ಣವೊಂದನ್ನು ಬೆರೆಸಿ, ಬಿಳಿಯ ಕಣಗಳನ್ನು ಕೆಣಕಬೇಕು. ಕಣ ತನ್ನ ಬೆಂಕಿಯನ್ನು ಹೊತ್ತಿಸಿತೆಂದರೆ ಹಳದಿ ಹೋಗಿ ಗಾಢ ನೀಲಿಯಾಗುತ್ತದೆ. ನನ್ನ ರಕ್ತವನ್ನೇ ಮೊದಲು ನೋಡಿದೆ, ಎಲ್ಲವೂ ನೀಲಿ. ಹುಡುಗನದರಲ್ಲಿ ಒಂದೂ ನೀಲಿಯಿಲ್ಲ. ತಾಯಿಯ ರಕ್ತದಲ್ಲಿ ಒಂದು ಕಣ ನೀಲಿ, ಪಕ್ಕದ್ದು ಅಲ್ಲ. ಮತ್ತೆರಡು ನೀಲಿ, ಮತ್ತೊಂದು ಅಲ್ಲ. ಹೆಣ್ಣಿನ ಒಂದೊಂದು ಜೀವಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಮಾತ್ರ ಬಳಸಿ ಇನ್ನೊಂದನ್ನು ಮಡಿಸಿಡುತ್ತದೆ ಎಂದು ಇಂಗ್ಲೆಂಡಿನ ಮೇರಿ ಲಯನ್ 1961ರಲ್ಲಿ ಹೇಳಿದ್ದರು. ಪುಸ್ತಕದಲ್ಲಿ ಓದಿದ್ದ ಆ ತತ್ತ್ವ ಅಂದು ಗಾಜಿನ ಪಟ್ಟಿಯ ಮೇಲೆ ಕಣ್ಣಿಗೆ ಕಟ್ಟಿದಂತೆ ಕಾಣಿಸಿತು. ಈಗ ಯಂತ್ರಗಳು ಬೇರೊಂದು ಬಣ್ಣ ಬಳಸಿ ಸಾವಿರಾರು ಕಣಗಳನ್ನು ನಿಮಿಷಗಳಲ್ಲಿ ಎಣಿಸಿ ರೇಖಾಚಿತ್ರ ಕೊಡುತ್ತವೆ. ಅದು ಹೆಚ್ಚು ನಿಖರ, ಸಂದೇಹವಿಲ್ಲ. ಆದರೂ ಆ ನೀಲಿಯನ್ನು ನೋಡಿದವನಿಗೆ ರೇಖಾಚಿತ್ರ ಸಪ್ಪೆ.

ಮರುದಿನ ಆಕೆ ಕೇಳಿದಳು: "ಡಾಕ್ಟ್ರೇ, ಇದು ನನ್ನ ತವರಿನಿಂದ ಬಂದದ್ದು ಅಂತ ನಮ್ಮ ಅತ್ತೆಯವರು ಹೇಳ್ತಾರೆ. ಹೌದಾ?"

ನನ್ನ ವೃತ್ತಿಯಲ್ಲಿ ಇಷ್ಟು ಕಷ್ಟದ ಪ್ರಶ್ನೆಗಳು ಹೆಚ್ಚು ಬಂದಿಲ್ಲ. ಅತ್ತೆಯ ಮಾತು ವಿಜ್ಞಾನದ ಪ್ರಕಾರ ಸರಿ. ಅದನ್ನು ಆಡಿದ ರೀತಿ ಸರಿಯಲ್ಲ. 'ಇಲ್ಲ' ಎಂದರೆ ಸುಳ್ಳಾಗುತ್ತದೆ. ಬರಿದೆ 'ಹೌದು' ಎಂದರೆ, ಆ ಮನೆಯಲ್ಲಿ ಆಕೆಯ ಮುಂದಿನ ದಿನಗಳಿಗೆಲ್ಲ ನಾನೇ ಒಂದು ಕಲ್ಲನ್ನು ಎತ್ತಿ ಕೊಟ್ಟಂತಾಗುತ್ತದೆ. ಸುಳ್ಳು ಹೇಳುವಂತೆಯೂ ಇರಲಿಲ್ಲ, ಏಕೆಂದರೆ ಹುಡುಗನಿಗೆ ಹನ್ನೊಂದು ವರ್ಷದ ಅಕ್ಕನೊಬ್ಬಳಿದ್ದಳು. ಗಂಡನನ್ನೂ ಅತ್ತೆಯನ್ನೂ ಕರೆಸಿದೆ. ಗಾಜಿನ ಪಟ್ಟಿಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಒಬ್ಬೊಬ್ಬರಿಗೂ ತೋರಿಸಿದೆ. "ನೋಡಿ ತಾಯಿ," ಎಂದು ಅತ್ತೆಗೆ ಹೇಳಿದೆ, "ಈ ಕೆಟ್ಟ ಅಕ್ಷರ ನಿಮ್ಮ ಸೊಸೆ ಬರೆದದ್ದಲ್ಲ. ಅವರ ತಾಯಿಯೂ ಬರೆದದ್ದಲ್ಲ. ಹಿಂದೆಂದೋ ಒಂದು ಪ್ರತಿ ಮಾಡುವಾಗ ತಪ್ಪಿಹೋಗಿದೆ. ಇಂಥ ತಪ್ಪು ಬೇರೆ ಬೇರೆ ಕಡೆ ನಿಮ್ಮಲ್ಲಿಯೂ ಇವೆ, ನನ್ನಲ್ಲಿಯೂ ಇವೆ. ನಮ್ಮವು ಸದ್ಯಕ್ಕೆ ಓದಿಗೆ ಸಿಕ್ಕಿಲ್ಲ, ಅಷ್ಟೆ." ಆಕೆ ಬಹಳ ಹೊತ್ತು ಕೊಳವೆಯೊಳಗೆ ಕಣ್ಣಿಟ್ಟಿದ್ದರು. ನನ್ನ ಮಾತಿನಲ್ಲಿ ಎಷ್ಟು ಒಪ್ಪಿದರೋ ತಿಳಿಯದು. ಏನೂ ಹೇಳದೆ ಹೊರಗೆ ಹೋಗಿ ಹುಡುಗನ ಹಾಸಿಗೆಯ ಬಳಿ ಕೂತರು.

ಎಲ್ಲ ಮನೆಗಳಲ್ಲಿಯೂ ಕೊರತೆ ಇದೇ ಬಗೆಯದಾಗಿರುವುದಿಲ್ಲ. 1966ರಲ್ಲಿ ವರ್ಣಿತವಾದ ಇನ್ನೊಂದು ರೋಗಕ್ಕೆ ಬೈಬಲಿನ ಯೋಬನ ಹೆಸರಿದೆ. ಮೈಯೆಲ್ಲ ಹುಣ್ಣಾಗಿ ದೇವರನ್ನು ಪ್ರಶ್ನಿಸಿದ ಆ ಭಕ್ತನೇ. ಅದರಲ್ಲಿ ನ್ಯುಮೋನಿಯಾ ವಾಸಿಯಾದ ಮೇಲೂ ಶ್ವಾಸಕೋಶದಲ್ಲಿ ಗಾಳಿತುಂಬಿದ ಪೊಳ್ಳುಗಳು ಉಳಿದುಬಿಡುತ್ತವೆ, ಆ ಪೊಳ್ಳುಗಳಲ್ಲಿ ಬೂಷ್ಟು ಬೀಡು ಬಿಡುತ್ತದೆ. ಅದಕ್ಕೆ ಕಾರಣವಾದ ವಂಶವಾಹಿ 2007ರಲ್ಲಿ ತಿಳಿಯಿತು. ಇಲ್ಲಿ ಒಂದು ಪ್ರತಿ ಕೆಟ್ಟರೂ ಸಾಕು, ಗಂಡು ಹೆಣ್ಣೆಂಬ ಭೇದವಿಲ್ಲ.

ಇನ್ನು ಕೆಲವು ಆಸ್ತಮಾ ರೋಗಿಗಳಲ್ಲಿ ಕಾವಲು ದುರ್ಬಲವಾದದ್ದಲ್ಲ, ಅತಿಯಾದದ್ದು. ಶ್ವಾಸನಾಳದ ಲೋಳೆಯಲ್ಲಿ ಬೂಷ್ಟು ಸುಮ್ಮನೆ ಕೂತಿರುತ್ತದೆ. ದೇಹ ಅದರ ಮೇಲೆ ಕೆರಳಿ ಕೆರಳಿ ತನ್ನ ನಾಳಗಳನ್ನೇ ಹಿಗ್ಗಿಸಿ ಕೆಡಿಸಿಕೊಳ್ಳುತ್ತದೆ. ರೋಗಿ ಕಂದುಬಣ್ಣದ ಗಟ್ಟಿ ಕಫದ ಬೆಣೆಗಳನ್ನು ಕೆಮ್ಮಿ ಹೊರಹಾಕುತ್ತಾನೆ. 1952ರಲ್ಲಿ ಇಂಗ್ಲೆಂಡಿನಲ್ಲಿ ಇದನ್ನು ಮೊದಲು ವರ್ಣಿಸಿದರು. ನಮ್ಮ ದೇಶದಲ್ಲಿ ಎಕ್ಸ್‌ರೇ ನೋಡಿ ಕ್ಷಯವೆಂದು ಮದ್ದು ತಿಂದವರು ಇವರಲ್ಲಿಯೂ ಬಹಳ ಮಂದಿ. ಲೋಳೆಯನ್ನು ತೆಳುವಾಗಿಡುವ ವಂಶವಾಹಿಯೊಂದಿದೆ. 1989ರಲ್ಲಿ ಪತ್ತೆಯಾದ ಅದರ ಎರಡು ಪ್ರತಿಗಳೂ ಕೆಟ್ಟರೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಬೇರೆಯೇ ರೋಗ. ಆದರೆ ಒಂದೇ ಪ್ರತಿ ಕೆಟ್ಟವರು ಈ ಬೂಷ್ಟಿನ ಆಸ್ತಮಾದವರಲ್ಲಿ ಎಣಿಕೆಗಿಂತ ಹೆಚ್ಚಾಗಿ ಕಾಣಿಸುತ್ತಾರೆ. ಗಾಳಿಗೂಡಿನ ಒಳಮೈಗೆ ಸವರಿದಂತಿರುವ ಪ್ರೋಟೀನುಗಳಲ್ಲಿನ ಸಣ್ಣ ವ್ಯತ್ಯಾಸಗಳಿಗೂ ಈ ರೋಗಕ್ಕೂ ಇರುವ ನಂಟನ್ನು ದೆಹಲಿಯ ವಿಜ್ಞಾನಿಗಳು ತೋರಿಸಿದ್ದಾರೆ. ಇವು ಒಂದೇ ಏಟಿಗೆ ರೋಗ ತರುವ ಕೊರತೆಗಳಲ್ಲ. ತಕ್ಕಡಿಯ ಒಂದು ತಟ್ಟೆಗೆ ಬೀಳುವ ಹಗುರ ಕಲ್ಲುಗಳು.

ಇದಕ್ಕಿಂತ ಅಚ್ಚರಿಯ ಸಂಗತಿ 2014ರಲ್ಲಿ ಹೊರಬಂದಿತು. ರಕ್ತದ ಕ್ಯಾನ್ಸರಿಗೆ ಬೇರೊಬ್ಬರ ಅಸ್ಥಿಮಜ್ಜೆ ಪಡೆದವರಲ್ಲಿ ಕೆಲವರಿಗೆ ಈ ಬೂಷ್ಟು ಮಾರಿಯಾಗುತ್ತದೆ. ಯಾರಿಗೆ ಹಾಗಾಗುತ್ತದೆಂಬುದನ್ನು ಹುಡುಕಿದಾಗ, ಮುಖ್ಯವಾದದ್ದು ರೋಗಿಯ ವಂಶವಾಹಿಯಲ್ಲ, ಮಜ್ಜೆ ಕೊಟ್ಟವನ ವಂಶವಾಹಿ ಎಂದು ತಿಳಿಯಿತು. ಬೀಜಕಕ್ಕೆ ಅಂಟಿಕೊಂಡು ಗುರುತು ಹಚ್ಚುವ ಪ್ರೋಟೀನೊಂದು ದಾನಿಯಲ್ಲಿಯೇ ಕಡಿಮೆಯಿದ್ದರೆ ಆ ಕೊರತೆ ಮಜ್ಜೆಯೊಡನೆ ರೋಗಿಗೂ ಬರುತ್ತದೆ. ಆ ದಾನಿ ಮಾತ್ರ ತನ್ನ ಮನೆಯಲ್ಲಿ ಆರೋಗ್ಯವಾಗಿಯೇ ಇರುತ್ತಾನೆ.

ಎಲ್ಲವನ್ನೂ ವಂಶದ ಮೇಲೆ ಹೇರುವುದೂ ತಪ್ಪು. ಕ್ಷಯ ವಾಸಿಯಾಗಿ ಉಳಿದ ಕುಳಿಯಲ್ಲಿ ಬೂಷ್ಟು ಉಂಡೆಗಟ್ಟಿ ಕೂತು ರಕ್ತ ಕೆಮ್ಮಿಸುವುದು ನಮ್ಮಲ್ಲಿ ಸಾಮಾನ್ಯ. ಅದಕ್ಕೆ ವಂಶದ ಹಂಗೇ ಬೇಕಿಲ್ಲ. 2021ರಲ್ಲಿ ಕೋವಿಡ್ಡಿನ ಬೆನ್ನಿಗೆ 'ಕಪ್ಪು ಶಿಲೀಂಧ್ರ' ಎಂದು ಪತ್ರಿಕೆಗಳು ಕೂಗಿದ್ದು ಬೇರೆಯೇ ಜಾತಿಯ ಬೂಷ್ಟು. ಅಲ್ಲಿ ದೊಡ್ಡ ಪಾತ್ರ ವಹಿಸಿದ್ದು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಅಳತೆ ಮೀರಿದ ಸ್ಟಿರಾಯ್ಡ್.

ಹುಡುಗನ ವಿಷಯಕ್ಕೆ ಬರುತ್ತೇನೆ. ಆಂಫೋಟೆರಿಸಿನ್ ಎಂಬ ಔಷಧವನ್ನು ರಕ್ತನಾಳದ ಮೂಲಕ ವಾರಗಟ್ಟಲೆ ಕೊಟ್ಟೆವು. ಅದನ್ನು ಮೊದಲು ತೆಗೆದದ್ದು ದಕ್ಷಿಣ ಅಮೆರಿಕದ ಒರಿನೋಕೋ ನದಿಯ ಬಳಿಯ ಮಣ್ಣಿನ ಸೂಕ್ಷ್ಮಜೀವಿಯಿಂದ. ಮಣ್ಣಿನ ರೋಗಕ್ಕೆ ಮಣ್ಣಿನದೇ ಮದ್ದು. ಪ್ರತಿ ಸಲವೂ ಹುಡುಗ ಚಳಿಯಿಂದ ಗಡಗಡ ನಡುಗುತ್ತಿದ್ದ. ಅಜ್ಜಿ ಕಂಬಳಿ ಹೊದಿಸಿ ಹಿಡಿದುಕೊಳ್ಳುತ್ತಿದ್ದರು. ಬದುಕಿದ. ಆಮೇಲೆ ಇಟ್ರಕೊನಜೋಲ್ ಎಂಬ ಗುಳಿಗೆಯನ್ನು ದಿನವೂ ತೆಗೆದುಕೊಳ್ಳುವಂತೆ ಹೇಳಿದೆ. ಆಗ ಅದು ಒಳ್ಳೆಯ ಊಹೆಯಷ್ಟೇ ಆಗಿತ್ತು. 2003ರಲ್ಲಿ ಅಮೆರಿಕದ ಅಧ್ಯಯನವೊಂದು ಪ್ರಕಟವಾಯಿತು. ಈ ರೋಗದ 39 ಮಂದಿಗೆ ಸರದಿಯ ಮೇಲೆ ಗುಳಿಗೆಯನ್ನೂ ಹುಸಿಗುಳಿಗೆಯನ್ನೂ ಕೊಟ್ಟು ನೋಡಿದಾಗ, ಹುಸಿಗುಳಿಗೆಯ ಕಾಲದಲ್ಲಿ 7 ಮಂದಿಗೆ ತೀವ್ರವಾದ ಬೂಷ್ಟುರೋಗ ಬಂದಿತು, ನಿಜಗುಳಿಗೆಯ ಕಾಲದಲ್ಲಿ ಒಬ್ಬನಿಗೆ ಮಾತ್ರ. ಅವನೂ ಗುಳಿಗೆಯನ್ನು ಸರಿಯಾಗಿ ನುಂಗಿರಲಿಲ್ಲ. ಇದನ್ನು ಓದಿದ ದಿನ ನನಗೆ ಆದ ಸಮಾಧಾನವನ್ನು ಮುಚ್ಚಿಡುವುದಿಲ್ಲ. ಹೊಂದುವ ದಾನಿ ಸಿಕ್ಕರೆ ಮಜ್ಜೆಯನ್ನೇ ಬದಲಾಯಿಸಿ ರೋಗವನ್ನು ಬುಡಸಮೇತ ಕೀಳುವುದು ಈಗ ಸಾಧ್ಯ. ಇವನಿಗೆ ಮನೆಯಲ್ಲಿ ಹೊಂದುವವರು ಸಿಗಲಿಲ್ಲ.

ಅಕ್ಕನ ರಕ್ತವನ್ನು ಅಂದು ನಾನು ನೋಡಲಿಲ್ಲ. ತಂದೆ ಒತ್ತಾಯ ಮಾಡಿದರು. ಹನ್ನೊಂದು ವರ್ಷದ ಹುಡುಗಿಯ ಬಗ್ಗೆ ಅವಳಿಗಿಂತ ಮೊದಲು ಊರಿಗೆ ತಿಳಿಯಬಾರದೆಂದು ನಾನು ಒಪ್ಪಲಿಲ್ಲ. ಅವಳು ಬಂದದ್ದು ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ತಾನು ಮದುವೆಯಾಗಬೇಕೆಂದಿದ್ದವನನ್ನು ಜೊತೆಗೆ ಕರೆದುಕೊಂಡು. ಆ ವೇಳೆಗೆ ಬೇರೆ ಕಡೆ ಯಂತ್ರ ಬಂದಿತ್ತು. ಅವಳು ಹಳೆಯ ಬಣ್ಣದ ಪರೀಕ್ಷೆಯನ್ನೇ ಕೇಳಿದಳು. ತನ್ನ ಅಮ್ಮ ನೋಡಿದ್ದನ್ನು ತಾನೂ ನೋಡಬೇಕೆಂದಳು. ನೋಡಿದೆವು. ಒಂದು ನೀಲಿ, ಒಂದು ಅಲ್ಲ. ಎರಡು ನೀಲಿ, ಒಂದು ಅಲ್ಲ.

"ಇದರಲ್ಲಿ ಅಪ್ಪನದು ಯಾವುದು, ಅಮ್ಮನದು ಯಾವುದು, ಸರ್?"

ನೀಲಿಯಾದ ಕಣಗಳು ತಂದೆ ಕೊಟ್ಟ ಎಕ್ಸನ್ನು ಬಳಸುತ್ತಿವೆ, ಆಗದವು ತಾಯಿ ಕೊಟ್ಟದ್ದನ್ನು ಎಂದೆ. ಕೂಡಲೇ ಸೇರಿಸಿದೆ, ತಾಯಿಯ ಆ ವರ್ಣತಂತುವಿನಲ್ಲಿ ನೂರಾರು ವಂಶವಾಹಿಗಳಿವೆ, ಈ ಒಂದನ್ನು ಬಿಟ್ಟು ಉಳಿದವು ತಮ್ಮ ಕೆಲಸ ಮಾಡುತ್ತಲೇ ಇವೆ ಎಂದು. ಅವಳು ತಲೆಯಾಡಿಸಿ, "ಅಮ್ಮನಿಗೆ ಈ ನೀಲಿಯ ಲೆಕ್ಕ ಹೇಳಬೇಡಿ" ಎಂದಳು. ಗಂಡು ಮಗುವಾದರೆ ರೋಗ ಬರುವ ಸಂಭವ ಎರಡರಲ್ಲೊಂದು ಎಂಬುದನ್ನು ಇಬ್ಬರಿಗೂ ತಿಳಿಸಿದೆ. ಹುಟ್ಟಿದ ಕೂಡಲೇ ಪರೀಕ್ಷಿಸಬೇಕು, ಅಲ್ಲಿಯವರೆಗೆ ಬಿ.ಸಿ.ಜಿ. ಚುಚ್ಚಿಸಬಾರದು ಎಂದೆ. ಹುಡುಗ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡ. ಮದುವೆಯಾಯಿತು. ಮೊದಲನೆಯದು ಹೆಣ್ಣುಮಗು, ಅವಳನ್ನೂ ಯಾರೂ ಪರೀಕ್ಷಿಸಿಲ್ಲ, ದೊಡ್ಡವಳಾಗಲಿ ಎಂದಿದ್ದಾರೆ.

ತಮ್ಮ ಈಗ ಮೂವತ್ತೇಳರ ಗಂಡಸು. ವರ್ಷಕ್ಕೊಮ್ಮೆ ಬರುತ್ತಾನೆ, ಎರಡು ಸಲ ಮಲಗಿ ಎದ್ದಿದ್ದಾನೆ. ತೋಟದ ಲೆಕ್ಕಪತ್ರ, ಮಾರಾಟ ಎಲ್ಲ ಅವನದೇ. ದರಕಿನ ಗುಡ್ಡೆಯ ಬಳಿ, ಗೊಬ್ಬರದ ಗುಂಡಿಯ ಬಳಿ ಮಾತ್ರ ಹೋಗುವ ಹಾಗಿಲ್ಲ. ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಭಾವ ಎರಡು ದಿನ ರಜೆ ಹಾಕಿ ಬಂದು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಆಳುಗಳ ಜೊತೆ ನಿಂತು ಗುಂಡಿ ತೆಗೆಸಿ ಹೋಗುತ್ತಾನೆ.